ಬಡ್ಡಿ ಲೆಕ್ಕಕ್ಕೆ ನಮ್ಮದೇ ಒಂದು ಆ್ಯಪ್



ಮೊಬೈಲಿನ ಆ್ಯಪ್ ಅಂದರೆ ದೊಡ್ಡ ಕಂಪನಿಯ ಇಂಜಿನಿಯರುಗಳೇ ಮಾಡಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗೇನಿಲ್ಲ. ಮುಂಬಯಿಯ ಧಾರಾವಿಯ ಶಾಲಾ ಹುಡುಗಿಯರು ನಲ್ಲಿಯಲ್ಲಿ ನೀರು ಹಿಡಿಯುವ ಸರದಿ ತಿಳಿಸಲು ತಾವೇ ಒಂದು ಆ್ಯಪ್ ಮಾಡಿದ್ದಾರೆ. ಅವರು ಬಳಸಿದ ಸಾಧನದ ಹೆಸರು ‘ಆ್ಯಪ್ ಇನ್ವೆಂಟರ್’. 2010ರಲ್ಲಿ ಗೂಗಲ್ ಹೊರತಂದ ಇದನ್ನು 2012ರಿಂದ ಅಮೆರಿಕದ ಎಂಐಟಿ ಸಂಸ್ಥೆ ಉಚಿತವಾಗಿ ನಡೆಸುತ್ತಿದೆ.

ಇದಕ್ಕೆ ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಆಂಡ್ರಾಯ್ಡ್ ಫೋನ್ ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ, ಯಾಕಂದರೆ ಅಲ್ಲಿನ ಸೂಚನೆಗಳು ಇಂಗ್ಲಿಷಿನಲ್ಲಿರುತ್ತವೆ. ನಾವು ಮಾಡುವ ಆ್ಯಪ್‌ನ ಪರದೆಯಲ್ಲಿ ಮಾತ್ರ ಕನ್ನಡದಲ್ಲೇ ಬರೆಯಬಹುದು.

ಮೊದಲಿಗೆ ಏನು ಮಾಡೋದು? ದೊಡ್ಡದಕ್ಕೆ ಕೈಹಾಕುವುದು ಬೇಡ. ಪ್ರತಿ ಸಭೆಯಲ್ಲೂ ನಾವು ಹಾಕುವ ಬಡ್ಡಿ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪರದೆಯ ಮೇಲೆ ಮೂರು ಖಾಲಿ ಚೌಕ ಇಡಿ: ಅಸಲು, ನೂರಕ್ಕೆ ತಿಂಗಳ ಬಡ್ಡಿ, ಎಷ್ಟು ತಿಂಗಳು. ಕೆಳಗೆ ‘ಲೆಕ್ಕ ಹಾಕು’ ಎಂಬ ಬಟನ್, ಅದರ ಕೆಳಗೆ ಉತ್ತರ ಬರುವ ಜಾಗ. ಇವನ್ನೆಲ್ಲ ಮೌಸ್‌ನಿಂದ ಎಳೆದು ತಂದು ಇಟ್ಟರಾಯಿತು. ಆಮೇಲೆ, ಬಟನ್ ಒತ್ತಿದಾಗ ಏನಾಗಬೇಕು ಎಂಬುದನ್ನು ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಹೇಳಬೇಕು. ಕೂಡುವುದು, ಗುಣಿಸುವುದು, ಭಾಗಿಸುವುದು ಎಲ್ಲಕ್ಕೂ ಬೇರೆ ಬೇರೆ ತುಂಡು ಇದೆ. ಫೋನಿಗೆ ‘ಕಂಪ್ಯಾನಿಯನ್’ ಎಂಬ ಆ್ಯಪ್ ಹಾಕಿಕೊಂಡು ಕಂಪ್ಯೂಟರಿಗೆ ಸೇರಿಸಿದರೆ ನಾವು ಜೋಡಿಸಿದ್ದು ಆಗಿಂದಾಗ್ಗೆ ಫೋನಿನಲ್ಲಿ ಕಾಣುತ್ತದೆ.

ಕಷ್ಟ ಇರುವುದು ತುಂಡು ಜೋಡಿಸುವುದರಲ್ಲಲ್ಲ, ನಿಯಮ ಹೇಳುವುದರಲ್ಲಿ. ಒಬ್ಬ ಸದಸ್ಯೆ ನೂರಕ್ಕೆ 2 ರೂಪಾಯಿಯಂತೆ 5,000 ರೂ. ಸಾಲ ಪಡೆದು, ತಿಂಗಳಿಗೆ 500ರಂತೆ 10 ತಿಂಗಳಲ್ಲಿ ತೀರಿಸುತ್ತಾಳೆ ಎನ್ನಿ. ಅಸಲು, ಬಡ್ಡಿ, ತಿಂಗಳು ಮೂರನ್ನೂ ಗುಣಿಸಿ ನೂರರಿಂದ ಭಾಗಿಸಿದರೆ 1,000 ರೂ. ಬಡ್ಡಿ ಬರುತ್ತದೆ. ಆದರೆ ಅಸಲು ತಿಂಗಳು ತಿಂಗಳೂ ಕಡಿಮೆಯಾಗುತ್ತಾ ಬರುತ್ತದಲ್ಲ! ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ 100, 90, 80 ಎಂದು ಇಳಿಯುತ್ತಾ ಕೊನೆಯ ತಿಂಗಳು 10 ಆಗುತ್ತದೆ. ಒಟ್ಟು 550 ರೂ. ಮಾತ್ರ. ಅದೇ ಸಾಲ, ಅದೇ ದರ, 450 ರೂ. ವ್ಯತ್ಯಾಸ! ಹೊರಗಿನಿಂದ ಸಾಲ ತರುವಾಗ ‘ಫ್ಲಾಟ್ ಬಡ್ಡಿ’ ಎಂದು ಹೇಳುವುದು ಮೊದಲನೆಯ ಲೆಕ್ಕವನ್ನೇ.

ಆ್ಯಪ್‌ಗೆ ಯಾವ ನಿಯಮ ಕೊಡುತ್ತೇವೋ ಅದನ್ನೇ ಅದು ಪಾಲಿಸುತ್ತದೆ. ನ್ಯಾಯ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಎರಡನೆಯ ಲೆಕ್ಕ ಬೇಕಾದರೆ ಮೊದಲ ತಿಂಗಳ ಬಡ್ಡಿಯನ್ನು (ಇಲ್ಲಿ 100) ತಿಂಗಳುಗಳ ಸಂಖ್ಯೆಗೆ ಒಂದು ಕೂಡಿಸಿದ್ದರಿಂದ (11) ಗುಣಿಸಿ, ಎರಡರಿಂದ ಭಾಗಿಸುವಂತೆ ತುಂಡುಗಳನ್ನು ಜೋಡಿಸಿ. ಸಮ ಕಂತುಗಳಿದ್ದರೆ ಮಾತ್ರ ಇದು ಸರಿ. ಸಾಲ ಪುಸ್ತಕದ ನಾಲ್ಕೈದು ಹಳೆಯ ಸಾಲಗಳ ಮೇಲೆ ಪರೀಕ್ಷಿಸಿ, ಉತ್ತರ ತಾಳೆಯಾದ ಮೇಲೆಯೇ ಸಭೆಯಲ್ಲಿ ತೋರಿಸಿ.

ಲೆಕ್ಕವನ್ನು ಫೋನಿನಲ್ಲೇ ಉಳಿಸಿಡುವ ಸೌಲಭ್ಯವೂ ಇದೆ. ಆದರೆ ಆ್ಯಪ್ ಅಳಿಸಿದರೆ ಅಥವಾ ಫೋನ್ ಕಳೆದುಹೋದರೆ ಅದೂ ಹೋಯಿತು. ಆದ್ದರಿಂದ ಉಳಿತಾಯ, ಸಾಲದ ಪುಸ್ತಕ ಬರೆಯುವುದನ್ನು ಬಿಡಲೇಬಾರದು.

ಪ್ಲೇ ಸ್ಟೋರ್‌ಗೆ ಹಾಕಬೇಕೆಂದರೆ ಒಂದು ಸಲ 25 ಡಾಲರ್ ಕಟ್ಟಬೇಕು. ವೈಯಕ್ತಿಕವಾಗಿ ಹೊಸ ಖಾತೆ ತೆರೆದವರು 12 ಜನರಿಂದ ಸತತ 14 ದಿನ ಪರೀಕ್ಷೆಯನ್ನೂ ಮಾಡಿಸಬೇಕು. ಜನಕ್ಕೇನೂ ಕೊರತೆ ಇಲ್ಲ, ಸಂಘವೇ ಇದೆ! ಆದರೂ ಆರಂಭದಲ್ಲಿ ಈ ಖರ್ಚು ಬೇಡ. ತಯಾರಾದ ಆ್ಯಪ್‌ನ ‘ಎಪಿಕೆ’ ಫೈಲನ್ನು ನಮ್ಮ ನಮ್ಮ ಫೋನಿಗೆ ನೇರ ಹಾಕಿಕೊಳ್ಳಬಹುದು. ಒಂದು ಎಚ್ಚರಿಕೆ: ಮದುವೆ ಕಾಗದ, ವಾಹನದ ದಂಡದ ಚಲನ್ ಎಂದು ವಾಟ್ಸಾಪ್‌ನಲ್ಲಿ ಇಂಥದೇ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಹಣ ದೋಚುವವರಿದ್ದಾರೆ. ನಾವೇ ಮಾಡಿದ್ದನ್ನು ಬಿಟ್ಟು, ಹಾಗೆ ಬಂದ ಯಾವ ಎಪಿಕೆಯನ್ನೂ ಒತ್ತಬೇಡಿ. ಪರಿಚಯದವರ ನಂಬರಿನಿಂದ ಬಂದಿದ್ದರೂ ಮೊದಲು ಅವರಿಗೆ ಫೋನ್ ಮಾಡಿ ಕೇಳಿ.