ಹುಲ್ಲಿನ ಸೇತುವೆಯ ಸೀಮೆಯಲ್ಲಿ ಎರಡು ‘ನಾವು’

ಪೆರು ದೇಶದ ಕುಸ್ಕೋ ಪ್ರದೇಶದಲ್ಲಿ ಕೆವೆ ಎಂಬ ಜಿಲ್ಲೆಯಿದೆ. ಹೆಸರಿಗೆ ಜಿಲ್ಲೆ, ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಅನ್ನಬಹುದು. ಆಂಡಿಸ್ ಪರ್ವತಗಳ ನಡುವೆ ಸುಮಾರು 3,700 ಮೀಟರ್ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿ ಮರಗಳು ಅಪರೂಪ. ಒರಟು ಹುಲ್ಲು, ಆಲೂಗಡ್ಡೆ ಹೊಲ, ಕುರಿ, ಅಲ್ಪಾಕಾ, ಇಷ್ಟೇ. ಜೂನ್ ತಿಂಗಳು ಅವರಿಗೆ ಚಳಿಗಾಲ. ರಾತ್ರಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡಿ ಹೆಪ್ಪುಗಟ್ಟಲು ಬಿಟ್ಟು, ಹಗಲು ಕಾಲಲ್ಲಿ ತುಳಿದು ನೀರು ತೆಗೆದು ಒಣಗಿಸುತ್ತಾರೆ. ಈ ‘ಚೂನ್ಯೋ’ ವರ್ಷಗಟ್ಟಲೆ ಕೆಡುವುದಿಲ್ಲ.

ಈ ಸೀಮೆಯ ಆಳದ ಕಣಿವೆಯಲ್ಲಿ ಅಪುರಿಮಾಕ್ ನದಿ ಹರಿಯುತ್ತದೆ. ಕ್ವೆಚುವಾದಲ್ಲಿ ಹಾಗೆಂದರೆ ‘ಮಾತಾಡುವ ಒಡೆಯ’. ಅದರ ಮೇಲೆ ಇಂಕಾಗಳ ಕಾಲದ ಪದ್ಧತಿಯಲ್ಲೇ ಕಟ್ಟುವ ಹುಲ್ಲಿನ ಸೇತುವೆಯಿದೆ: ಕೆಸ್ವಾಚಾಕಾ. ಉದ್ದ ಸುಮಾರು 28 ಮೀಟರ್. ಮರವಿಲ್ಲದ ಊರಿನವರು ಹುಲ್ಲನ್ನೇ ನಂಬಿದರು.

ಪ್ರತಿ ವರ್ಷ ಜೂನ್‌ನಲ್ಲಿ ನಾಲ್ಕು ಸಮುದಾಯಗಳು ಸೇರಿ ಇದನ್ನು ಹೊಸದಾಗಿ ಕಟ್ಟುತ್ತವೆ. ಮನೆಮನೆಯಲ್ಲೂ ‘ಕೋಯಾ’ ಹುಲ್ಲನ್ನು ನೆನೆಸಿ, ಕಲ್ಲಿನಲ್ಲಿ ಜಜ್ಜಿ, ಅಂಗೈಯಲ್ಲಿ ಹೊಸೆದು ಹುರಿ ಮಾಡಬೇಕು. ಹುರಿ ಸೇರಿ ಹಗ್ಗ, ಹಗ್ಗ ಸೇರಿ ತೊಡೆಗಾತ್ರದ ಮಿಣಿ. ನಾಲ್ಕು ಮಿಣಿ ಕಾಲಡಿಗೆ, ಎರಡು ಕೈಯಾಸರೆಗೆ. ಪೂಜೆಯಿಂದ ಶುರುವಾಗುವ ಕೆಲಸದಲ್ಲಿ ಹಳೆಯದನ್ನು ಕಡಿದು ಹೊಳೆಗೆ ಬಿಡುತ್ತಾರೆ, ಎರಡೂ ದಡದಿಂದ ನೇಯುತ್ತ ಬಂದು ನಡುವೆ ಸೇರುತ್ತಾರೆ, ನಾಲ್ಕನೆಯ ದಿನ ಹಬ್ಬ. ಸಂಪ್ರದಾಯದಂತೆ ಹುರಿ ಹೊಸೆಯುವ ಹೆಂಗಸರು ಸೇತುವೆ ನೇಯುವ ಕಡೆ ಬರುವಂತಿಲ್ಲ. ಅದೊಂದು ನನಗೆ ಒಪ್ಪಿಗೆಯಾಗಲಿಲ್ಲ.

ಪಕ್ಕದಲ್ಲೇ ವಾಹನ ಓಡಾಡುವ ಗಟ್ಟಿ ಸೇತುವೆಯಿದೆ. ಮತ್ತೇಕೆ ಈ ಪಾಡು? 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಸೇತುವೆಯಲ್ಲ, ಅದನ್ನು ಕಟ್ಟುವ ವಿದ್ಯೆ ಮತ್ತು ಆಚರಣೆ. 2020ರಲ್ಲಿ ಕೊರೊನಾದಿಂದ ಕೆಲಸ ನಿಂತಿತು. 2021ರ ಮಾರ್ಚ್‌ನಲ್ಲಿ ಸೇತುವೆ ಕುಸಿಯಿತು. ಒಂದೇ ಒಂದು ವರ್ಷ ತಪ್ಪಿದ್ದಕ್ಕೆ! (ಮೇಂಟೆನೆನ್ಸ್ ಬಜೆಟ್‌ಗೇ ಮೊದಲು ಕತ್ತರಿ ಹಾಕುವ ನಮ್ಮ ಐಟಿ ಮ್ಯಾನೇಜರುಗಳಿಗೆ ಆ ಫೋಟೋ ತೋರಿಸಬೇಕು.) ಅದೇ ಜೂನ್‌ನಲ್ಲಿ ಜನ ಸೇರಿ ಮತ್ತೆ ಕಟ್ಟಿದರು.

ಅವರ ನುಡಿಯೂ ನಮಗೆ ತೀರಾ ಪರಕೀಯವಲ್ಲ. ಕನ್ನಡದಂತೆಯೇ ಪದದ ಹಿಂದೆ ಪ್ರತ್ಯಯ ಅಂಟಿಸುತ್ತಾರೆ: ‘ವಾಸಿ’ ಅಂದರೆ ಮನೆ, ‘ವಾಸಿಪಿ’ ಅಂದರೆ ಮನೆಯಲ್ಲಿ. (ಸಂಸ್ಕೃತದ ‘ವಾಸ’ಕ್ಕೂ ಇದಕ್ಕೂ ನಂಟಿಲ್ಲ, ದಯವಿಟ್ಟು ವಾಟ್ಸ್ಆಪ್‌ನಲ್ಲಿ ಹರಿಬಿಡಬೇಡಿ.) ಇನ್ನೊಂದು ಸೊಗಸು, ಅಲ್ಲಿ ‘ನಾವು’ ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ‘ನೊಕಾಂಚಿಸ್’, ಬಿಟ್ಟರೆ ‘ನೊಕಾಯ್ಕು’. ಪುಣೆಯವರಿಗೆ ಆಪಣ್–ಆಮ್ಹಿ, ಹೈದರಾಬಾದಿನವರಿಗೆ ಮನಮು–ಮೇಮು, ಚೆನ್ನೈಯವರಿಗೆ ನಾಮ್–ನಾಂಗಳ್ ಗೊತ್ತಲ್ಲ, ಹಾಗೆ. ಇಂದಿನ ಕನ್ನಡದಲ್ಲಿ ಈ ಭೇದ ಉಳಿದಿಲ್ಲ.

ಕ್ವೆಚುವಾಕ್ಕೆ 1975ರಲ್ಲೇ ಪೆರುವಿನಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. 2017ರ ಜನಗಣತಿಯಲ್ಲಿ ಸುಮಾರು 38 ಲಕ್ಷ ಜನ ಅದನ್ನು ತಾಯ್ನುಡಿಯೆಂದು ಬರೆಸಿದರು. ಆದರೂ ಬೆಟ್ಟ ಇಳಿದು ರಾಜಧಾನಿ ಲಿಮಾ ಸೇರಿದ ಎಷ್ಟೋ ತಂದೆತಾಯಿ, ಜನ ಹಳ್ಳಿಗರೆಂದು ಹಂಗಿಸಿಯಾರೆಂದು, ಮಕ್ಕಳೊಂದಿಗೆ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಾರೆ. ಇದು ನಮ್ಮ ಅಪಾರ್ಟ್‌ಮೆಂಟುಗಳಲ್ಲೂ ಕಾಣುವ ಸಂಗತಿ, ಭಾಷೆಗಳಷ್ಟೇ ಬೇರೆ. ಸ್ಪ್ಯಾನಿಷ್‌ನಲ್ಲಿ ಆ ಎರಡು ‘ನಾವು’ಗಳ ಭೇದವಿಲ್ಲ. ಲಿಮಾದ ಮಗು ‘ನಾವು’ ಅಂದಾಗ ಅದರಲ್ಲಿ ಕಣಿವೆಯ ಅಜ್ಜಿಯೂ ಸೇರಿದ್ದಾಳೋ ಇಲ್ಲವೋ, ಅಜ್ಜಿ ಬಿಡಿಸಿ ಕೇಳಬೇಕು. ಅದೂ ಸ್ಪ್ಯಾನಿಷ್‌ನಲ್ಲೇ.