ಜವಳಗಿರಿಯ ಆನೆ ಯಾವ ರಾಜ್ಯದ್ದು?

ತಳಿ, ಡೆಂಕಣಿಕೋಟೆ ಸುತ್ತಿನ ಹೊಲಗಳಲ್ಲಿ ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ಕರ್ನಾಟಕದ ಬನ್ನೇರುಘಟ್ಟದ ಆನೆಗಳು ಗಡಿ ದಾಟಿ ತಮಿಳುನಾಡಿನ ಜವಳಗಿರಿಗೆ ಬರುತ್ತವೆ. ಅಲ್ಲಿಂದ ಕೆಲವು ಹಿಂಡು ಹೊಸೂರು ಪಕ್ಕದ ಸಾನಮಾವು ಕಾಡಿಗೆ ಹೋಗುತ್ತವೆ, ಹೆದ್ದಾರಿಯನ್ನೂ ದಾಟುತ್ತವೆ. ಈ ಊರುಗಳ ರೈತರು, ಅವರಲ್ಲಿ ಕನ್ನಡ ಮಾತಾಡುವವರೇ ಎಷ್ಟೋ ಮಂದಿ, ಸುಗ್ಗಿ ಮುಗಿಯುವ ತನಕ ಟಾರ್ಚು, ಪಟಾಕಿ ಹಿಡಿದು ನಿದ್ದೆಗೆಟ್ಟು ಹೊಲ ಕಾಯಬೇಕು.

ಆನೆ ಬರುವುದು ಕಾಡು ಬರಿದಾಗಿದೆ ಎಂಬ ಒಂದೇ ಕಾರಣಕ್ಕಲ್ಲ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಮಳೆ ನಿಂತ ಮೇಲೆ ಕಾಡಿನ ಹುಲ್ಲು ಒರಟಾಗಿ ಸತ್ವ ಕಳೆದುಕೊಳ್ಳುತ್ತದೆ. ಪಕ್ಕದ ಹೊಲದಲ್ಲಾದರೋ ಸತ್ವವೆಲ್ಲ ತೆನೆಯಲ್ಲಿ ತುಂಬಿ ನಿಂತಿರುತ್ತದೆ. ಹೊಲಕ್ಕೆ ಹೆಚ್ಚಾಗಿ ನುಗ್ಗುವುದು ಗಂಡಾನೆಗಳು ಎಂದು ವಿಜ್ಞಾನಿಗಳಾದ ರಾಮನ್ ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ 1988ರಲ್ಲೇ ತೋರಿಸಿದ್ದರು. ಪುಷ್ಟಿಯಾಗಿ ಬೆಳೆದ ಗಂಡಿಗೆ ಹೆಣ್ಣು ಒಲಿಯುವ ಅವಕಾಶ ಹೆಚ್ಚು. ಅದಕ್ಕಾಗಿ ಅದು ಅಪಾಯಕ್ಕೂ ಸಿದ್ಧ.

2019ರಲ್ಲಿ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಕ್ಷಿಣ ಭಾರತದ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಟ್ಟು, 23 ತಿಂಗಳ 1,445 ಚಿತ್ರದಾಖಲೆಗಳನ್ನು ಅವರು ಪರಿಶೀಲಿಸಿದರು. ತಾಯಿಯ ಹಿಂಡು ಬಿಟ್ಟ ಹರೆಯದ ಗಂಡುಗಳು ಕಾಡಿನಲ್ಲಾದರೆ ಹೆಚ್ಚಾಗಿ ಒಂಟಿಯಾಗಿ ಅಲೆಯುತ್ತವೆ; ಹೊಲಗದ್ದೆಗಳ ನಡುವೆ ಅಂಥ ಗಂಡುಗಳು ಗುಂಪು ಕಟ್ಟಿಕೊಂಡು ಬಹುಕಾಲ ಒಟ್ಟಿಗಿರುತ್ತವೆ. ನಾವು ಬದಲಿಸಿದ ನೆಲಕ್ಕೆ ತಕ್ಕಂತೆ ಅವು ತಮ್ಮ ಸಹಬಾಳ್ವೆಯ ರೀತಿಯನ್ನೇ ಬದಲಿಸಿಕೊಂಡಿವೆ. ಇಷ್ಟು ಚುರುಕಾದ ಪ್ರಾಣಿಯನ್ನು ಪಟಾಕಿ ಎಷ್ಟು ದಿನ ಹೆದರಿಸೀತು?

ಆದರೂ ನಮ್ಮ ಆಡಳಿತ ಇವತ್ತಿಗೂ ನಂಬಿರುವುದು ಅಟ್ಟುವುದನ್ನೇ. ಹಿಂಡನ್ನು ಗಡಿಯಾಚೆ ದಾಟಿಸಿದರೆ ಈ ಕಡೆಯವರ ಕೆಲಸ ಮುಗಿಯಿತು, ಆ ಕಡೆಯವರದು ಶುರುವಾಯಿತು. ಆನೆಗೆ ಮಾತ್ರ ಗಡಿ ಲೆಕ್ಕಕ್ಕಿಲ್ಲ: 1980ರ ದಶಕದ ಆರಂಭದಲ್ಲಿ ಹೊಸೂರು ಕಡೆಯ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಗೆ ಹೋಗಿ ನೆಲೆಸಿದವು. ಎರಡು ಶತಮಾನ ಆನೆಯನ್ನೇ ಕಾಣದಿದ್ದ ಆ ಸೀಮೆಯಲ್ಲಿ 1990ರಲ್ಲಿ ಕೌಂಡಿನ್ಯ ಅಭಯಾರಣ್ಯ ಘೋಷಿಸಬೇಕಾಯಿತು. ಈಗ ಒಂದು ಕಡೆ ಕಂದಕ, ಇನ್ನೊಂದು ಕಡೆ ಉಕ್ಕಿನ ಹಗ್ಗದ ಬೇಲಿ. ಒಬ್ಬರು ಮುಚ್ಚಿದ ದಾರಿ ಇನ್ನೊಬ್ಬರ ಊರಿನಲ್ಲಿ ತೆರೆದುಕೊಳ್ಳುತ್ತದೆ.

ತಮಿಳುನಾಡು 2014ರಲ್ಲಿ 504 ಚದರ ಕಿ.ಮೀ.ಗಳ ಕಾವೇರಿ ಉತ್ತರ ಅಭಯಾರಣ್ಯವನ್ನೂ 2022ರ ನವೆಂಬರಿನಲ್ಲಿ 686 ಚದರ ಕಿ.ಮೀ.ಗಳ ಕಾವೇರಿ ದಕ್ಷಿಣ ಅಭಯಾರಣ್ಯವನ್ನೂ ಘೋಷಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಅದರಿಂದ ಕರ್ನಾಟಕದ ಕಾವೇರಿ ವನ್ಯಧಾಮದವರೆಗೆ ರಕ್ಷಿತ ಕಾಡು ಕೂಡಿಕೊಂಡಿತು. ಆದರೆ ಆನೆ ಹಗಲು ಅಡಗಿ ನಿಲ್ಲುವ ಸಾನಮಾವಿನಂಥ ತುಂಡು ಕಾಡುಗಳು ಬರೀ ಮೀಸಲು ಅರಣ್ಯಗಳು. ಅವುಗಳ ಅಂಚಿನಿಂದ 1 ಕಿ.ಮೀ. ಒಳಗೆ ಕಲ್ಲುಗಣಿ ಕೂಡದೆಂದು 2021ರಲ್ಲಿ ಬಂದ ನಿಯಮ, ಹೊಸ ಅಭಯಾರಣ್ಯ ಘೋಷಣೆಯಾದ ಮರುತಿಂಗಳೇ ಮೀಸಲು ಅರಣ್ಯಗಳ ಪಾಲಿಗೆ ರದ್ದಾಯಿತು. ಈ ಊರುಗಳಿರುವ ಕೃಷ್ಣಗಿರಿ ಗ್ರಾನೈಟಿನ ಜಿಲ್ಲೆ ಎಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ನಮ್ಮ ಕಡೆಯೂ ಅಷ್ಟೇ: ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕೈಬಿಟ್ಟ 100 ಚದರ ಕಿ.ಮೀ.ಯಲ್ಲಿ ಆನೆ ನಡೆಯುವುದನ್ನೇನೂ ಬಿಡಲಿಲ್ಲ.

ಬೆಳೆಹಾನಿಯ ಪರಿಹಾರಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ದರ. ಅದೇ ಆನೆ, ಅದೇ ರಾಗಿ. ವರ್ಷದ ಅನ್ನ ಒಂದು ರಾತ್ರಿಯಲ್ಲಿ ಹೋದವನಿಗೆ ಹಣ ತಡವಾದರೆ ಕೆಲವರ ಕೈ ವಿದ್ಯುತ್ ತಂತಿಯತ್ತ ಹೋಗುತ್ತದೆ. 2023ರ ಮಾರ್ಚಿನಲ್ಲಿ ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಂಥ ಅಕ್ರಮ ಬೇಲಿಗೆ ಮೂರು ಹೆಣ್ಣಾನೆಗಳು ಬಲಿಯಾದವು. ಎರಡು ಮರಿಗಳು ಬದುಕುಳಿದವು. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಹೊಲದ ತಂತಿಯ ಮುಂದೆ ಆ ಪಟ್ಟಿ ಅವುಗಳನ್ನು ಕಾಯಲಿಲ್ಲ.

ಮೂರು ರಾಜ್ಯಗಳ ಅರಣ್ಯ ಇಲಾಖೆಗಳು ಕೂಡಿ ಒಂದೇ ನಕ್ಷೆ ಬರೆಯಲಿ, ಒಂದೇ ದರ ಗೊತ್ತುಮಾಡಲಿ, ಒಕ್ಕಣೆ ಮುಗಿಯುವುದರೊಳಗೆ ರೈತನ ಕೈಗೆ ಹಣ ತಲುಪಿಸಲಿ. ಹಿಂಡು ಹೊರಟಾಗಲೇ ಮುಂದಿನ ಊರಿಗೆ, ಅದು ಯಾವ ರಾಜ್ಯದ್ದೇ ಇರಲಿ, ಸುದ್ದಿ ಹೋಗಲಿ. ಬನ್ನೇರುಘಟ್ಟದಿಂದ ಜವಳಗಿರಿಗೆ ಆನೆಗೆ ಬೇಕಾದದ್ದು ಒಂದೆರಡು ರಾತ್ರಿಯ ನಡಿಗೆ.