ಬಾಣ ಕಿತ್ತು ಸೊಪ್ಪು ಮೆತ್ತಿದರೆ ಗಾಯ ವಾಸಿಯಾಗುತ್ತದೆಯೇ? ಸಿನಿಮಾ ಯುದ್ಧಗಳು ಹೇಳಿಕೊಟ್ಟ ತಪ್ಪು ಪಾಠಗಳು

ಕಲ್ಪನೆಯ ರಾಜ್ಯವೊಂದರಲ್ಲಿ ಮಹಾಯುದ್ಧ ಮುಗಿದಿದೆ. ನಾಯಕನ ಎದೆಗೆ ಬಾಣ ನಾಟಿದೆ. ಗೆಳೆಯ ಓಡಿಬಂದು ಅದನ್ನು ಎಳೆದು ಬಿಸಾಡುತ್ತಾನೆ. ಯಾರೋ ಸೊಪ್ಪು ಅರೆದು ಗಾಯಕ್ಕೆ ಮೆತ್ತುತ್ತಾರೆ, ಇನ್ಯಾರೋ ಬಾಯಿಗೆ ನೀರು ಬಿಡುತ್ತಾರೆ. ಮುಂದಿನ ಹಾಡಿನ ಹೊತ್ತಿಗೆ ನಾಯಕ ಕುದುರೆ ಏರಿರುತ್ತಾನೆ.

ಸಿನಿಮಾದಲ್ಲಿ ಇದು ನಡೆಯುತ್ತದೆ, ನಡೆಯಲಿ. ತೊಂದರೆ ಇರುವುದು ಬೇರೆ ಕಡೆ. ರಸ್ತೆ ಅಪಘಾತವಾದಾಗಲೂ ನಮ್ಮಲ್ಲಿ ಅನೇಕರು ಮಾಡುವುದು ಇದನ್ನೇ. "ಚುಚ್ಚಿರುವ ಕಂಬಿ ಮೊದಲು ಕೀಳಿ", "ಕಾಫಿಪುಡಿ ತುಂಬಿ, ರಕ್ತ ನಿಲ್ಲುತ್ತೆ", "ಪಾಪ, ಒಂದು ಗುಟುಕು ನೀರು ಕೊಡಿ" ಎಂಬ ಸಲಹೆಗಳು ಸುತ್ತ ನಿಂತವರಿಂದಲೂ ಬರುತ್ತವೆ, ವಾಟ್ಸಾಪ್ ಫಾರ್ವರ್ಡ್‌ಗಳಿಂದಲೂ ಬರುತ್ತವೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ನಂಬಿಕೆ 1: ಚುಚ್ಚಿಕೊಂಡಿದ್ದನ್ನು ತಕ್ಷಣ ಕೀಳಬೇಕು

ತಪ್ಪು. ದೇಹದೊಳಗೆ ಹೊಕ್ಕ ಬಾಣ, ಚಾಕು, ಕಂಬಿ ಅಥವಾ ಗಾಜು ರಕ್ತನಾಳವನ್ನು ಕತ್ತರಿಸಿರಬಹುದು. ಆದರೆ ಅದು ಅಲ್ಲೇ ಇರುವಷ್ಟು ಹೊತ್ತು ಆ ತೂತಿಗೆ ಬಿರಡೆಯಂತೆಯೂ ಇರಬಹುದು. ಕಿತ್ತರೆ ಬಿರಡೆ ಹೋಗುತ್ತದೆ, ರಕ್ತ ಚಿಮ್ಮುತ್ತದೆ. ಹೊರಗೆ ಬರುವಾಗ ಅದು ಇನ್ನಷ್ಟು ನರ, ಮಾಂಸಗಳನ್ನೂ ಹರಿಯಬಹುದು. ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಹಾಗಾದರೆ ಹಿಂದಿನವರು ಬಾಣ ತೆಗೆಯುತ್ತಿರಲಿಲ್ಲವೇ? ತೆಗೆಯುತ್ತಿದ್ದರು, ಆದರೆ ಬಲ್ಲವರು ತೆಗೆಯುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ದೇಹಕ್ಕೆ ಹೊಕ್ಕ ವಸ್ತುವಿಗೆ 'ಶಲ್ಯ' ಎಂದು ಹೆಸರು. ಅದನ್ನು ತೆಗೆಯುವುದೇ ಒಂದು ವಿದ್ಯೆ, ಅದಕ್ಕೆಂದೇ ಬಗೆಬಗೆಯ ಉಪಕರಣಗಳು. ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಇಂದಿಗೂ 'ಶಲ್ಯತಂತ್ರ' ಎಂದೇ ಹೆಸರು.

ಇಂಗ್ಲೆಂಡಿನಲ್ಲಿ 1403ರಲ್ಲಿ ನಡೆದ ಶ್ರೂಸ್‌ಬರಿ ಯುದ್ಧದಲ್ಲಿ 16 ವರ್ಷದ ರಾಜಕುಮಾರ ಹೆನ್ರಿಯ ಮುಖಕ್ಕೆ ಬಾಣ ಹೊಕ್ಕಿತು. ಬಾಣದ ಕಡ್ಡಿ ಹೊರಬಂತು, ಮೊನೆ ಒಳಗೇ ಉಳಿಯಿತು. ಜಾನ್ ಬ್ರಾಡ್‌ಮೋರ್ ಎಂಬ ಶಸ್ತ್ರವೈದ್ಯ ಅದಕ್ಕಾಗಿಯೇ ಒಂದು ಉಪಕರಣ ರೂಪಿಸಿ, ಗಾಯದ ಬಾಯನ್ನು ನಿಧಾನವಾಗಿ ಹಿಗ್ಗಿಸಿ ಮೊನೆಯನ್ನು ತೆಗೆದ. ಆಮೇಲೂ ದಿನಗಟ್ಟಲೆ ದ್ರಾಕ್ಷಾರಸದಿಂದ ತೊಳೆದು, ಜೇನು ಬೆರೆಸಿದ ಔಷಧಿ ಇಟ್ಟು ಆರೈಕೆ ಮಾಡಿದ. ಹುಡುಗ ಬದುಕಿ ಮುಂದೆ ಐದನೇ ಹೆನ್ರಿ ದೊರೆಯಾದ. ಸಿನಿಮಾದಲ್ಲಿ ಅರೆಕ್ಷಣದಲ್ಲಿ ಮುಗಿಯುವ ಕೆಲಸ ಇದು!

ನಂಬಿಕೆ 2: ಒಂದು ಸೊಪ್ಪು ಸಾಕು, ಎಂಥ ಗಾಯವೂ ಮಾಯುತ್ತದೆ

ಯುದ್ಧ ಎಂದರೆ ನಮಗೆ ನೆನಪಾಗುವುದು ಸಂಜೀವಿನಿ. ವಾಲ್ಮೀಕಿ ರಾಮಾಯಣದಲ್ಲಿ ಹನುಮಂತ ತರುವುದು ಒಂದೇ ಮೂಲಿಕೆಯಲ್ಲ, ನಾಲ್ಕು ಮೂಲಿಕೆಗಳ ಹೆಸರು ಅಲ್ಲಿದೆ. ಸತ್ತವರನ್ನು ಎಬ್ಬಿಸುವ ಮೃತಸಂಜೀವನಿ, ದೇಹದೊಳಗಿನ ಆಯುಧ ಕಳೆಯುವ ವಿಶಲ್ಯಕರಣಿ, ಚರ್ಮದ ಬಣ್ಣ ಮರಳಿಸುವ ಸಾವರ್ಣ್ಯಕರಣಿ ಮತ್ತು ಮುರಿದದ್ದನ್ನು ಕೂಡಿಸುವ ಸಂಧಾನಕರಣಿ. ಗಾಯಾಳುವಿಗೆ ಬೇರೆ ಬೇರೆ ಚಿಕಿತ್ಸೆ ಬೇಕು ಎಂಬ ತಿಳಿವಳಿಕೆ ಆ ಹೆಸರುಗಳಲ್ಲೇ ಇದೆ. ಒಣಗಿ ಮುದುಡಿದ್ದು ನೀರಿಗೆ ಹಾಕಿದೊಡನೆ ಅರಳುವ ಗಿಡವೊಂದನ್ನು ಸಂಜೀವಿನಿ ಎಂದು ಮಾರುವುದನ್ನು ನೀವು ನೋಡಿರಬಹುದು. ಅದು ನೀರು ಹೀರಿ ಅರಳುತ್ತದೆ, ಅಷ್ಟೇ. ಅದರಿಂದ ಕತ್ತಿಯ ಗಾಯ ಮಾಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ.

'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲೂ ಇಂಥದೊಂದು ಎಲೆ ಬರುತ್ತದೆ. ಗಾಂಡೋರ್ ರಾಜ್ಯದ ಮಹಾಯುದ್ಧದ ನಂತರ ಅರಾಗಾರ್ನ್ 'ಅಥೆಲಾಸ್' ಎಂಬ ಎಲೆಯನ್ನು ಹಿಸುಕಿ ಬಿಸಿನೀರಿಗೆ ಹಾಕುತ್ತಾನೆ. ಅದರ ಪರಿಮಳಕ್ಕೆ ಪ್ರಜ್ಞೆ ತಪ್ಪಿದವರು ಕಣ್ಣು ಬಿಡುತ್ತಾರೆ. ಆದರೆ ಗಮನಿಸಿ, ಅಲ್ಲಿ ಆ ಎಲೆ ಬಳಕೆಯಾಗುವುದು ಶತ್ರುವಿನ ಮಾಯೆಯಿಂದ ಬಂದ ಕಾಯಿಲೆಗೆ. ಉಳಿದ ಗಾಯಾಳುಗಳನ್ನು ಆರೈಕೆ ಮಾಡಲು ಆ ಊರಿನಲ್ಲಿ ಚಿಕಿತ್ಸಾಲಯವಿತ್ತು, ಅದರಲ್ಲಿ ವೈದ್ಯರಿದ್ದರು. ಕಥೆ ಬರೆದ ಟೋಲ್ಕಿನ್ ಸ್ವತಃ 1916ರ ಸಾಮ್ ಯುದ್ಧದಲ್ಲಿದ್ದವರು. ಅವರನ್ನು ರಣರಂಗದಿಂದ ಮನೆಗೆ ಕಳಿಸಿದ್ದು ಗುಂಡಲ್ಲ, ಹೇನಿನಿಂದ ಹರಡುವ ಒಂದು ಜ್ವರ.

ನಿಜವಾದ ಯುದ್ಧಗಳ ಕಥೆಯೂ ಹೀಗೇ ಇದೆ. 1850ರ ದಶಕದ ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ಹೆಚ್ಚು ಬ್ರಿಟಿಷ್ ಸೈನಿಕರನ್ನು ಕೊಂದದ್ದು ಕಾಲರಾ, ಭೇದಿ, ಜ್ವರಗಳು. ಫ್ಲಾರೆನ್ಸ್ ನೈಟಿಂಗೇಲ್ ಇದನ್ನು ಅಂಕಿ ಅಂಶಗಳಿಂದ ತೋರಿಸಿದರು. ಆಸ್ಪತ್ರೆಯ ಚರಂಡಿ, ಗಾಳಿ, ನೀರು ಶುದ್ಧವಾದ ಮೇಲೆ ಸಾವು ಇಳಿಯಿತು.

ಅದಕ್ಕೇ ಆಳವಾದ ಗಾಯಕ್ಕೆ ಕಾಫಿಪುಡಿ, ಅರಿಶಿನ, ಸೊಪ್ಪು, ಮಣ್ಣು ಯಾವುದನ್ನೂ ತುಂಬಬೇಡಿ. ಅಡುಗೆಮನೆಯ ಡಬ್ಬಿಯಲ್ಲೂ ಹಿತ್ತಲ ಮಣ್ಣಲ್ಲೂ ರೋಗಾಣುಗಳಿರುತ್ತವೆ. ಧನುರ್ವಾಯು ತರುವ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಮೇಲಾಗಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮೊದಲು ಆ ಪುಡಿಯನ್ನೆಲ್ಲ ಕೆರೆದು ತೊಳೆಯಬೇಕು. ನೋವು ಗಾಯಾಳುವಿಗೇ.

ನಂಬಿಕೆ 3: ಕಾಸಿದ ಕಬ್ಬಿಣದಿಂದ ಸುಟ್ಟರೆ ನಂಜಾಗುವುದಿಲ್ಲ

ಇದನ್ನು ಐರೋಪ್ಯ ವೈದ್ಯರೂ ನಂಬಿದ್ದರು. ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. 1537ರ ಸುಮಾರಿಗೆ ಟ್ಯೂರಿನ್ ಬಳಿಯ ಯುದ್ಧದಲ್ಲಿ ಆಂಬ್ರೋಸ್ ಪಾರೆ ಎಂಬ ಫ್ರೆಂಚ್ ಶಸ್ತ್ರವೈದ್ಯನ ಬಳಿ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ತಪ್ಪು ಮಾಡಿದೆನೇನೋ ಎಂದು ರಾತ್ರಿಯೆಲ್ಲ ಅವನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಲೇಪ ಹಚ್ಚಿದವರು ಅಷ್ಟಾಗಿ ನೋವಿಲ್ಲದೆ ಮಲಗಿದ್ದರು. ಎಣ್ಣೆ ಸುರಿಸಿಕೊಂಡವರು ಜ್ವರ, ಊತ, ನೋವಿನಿಂದ ನರಳುತ್ತಿದ್ದರು. ಎಣ್ಣೆ ಸುರಿಯುವುದನ್ನು ಪಾರೆ ಅಂದಿಗೇ ಬಿಟ್ಟ. ಸುಟ್ಟ ಮಾಂಸ ಸತ್ತ ಮಾಂಸ, ನಂಜಿಗೆ ಅದು ಒಳ್ಳೆಯ ಜಾಗ ಎಂಬುದು ಈಗ ನಮಗೆ ಗೊತ್ತು.

ನಂಬಿಕೆ 4: ಮೊದಲು ನೀರು ಕುಡಿಸಬೇಕು

ಕರುಣೆಯ ಕೆಲಸ ಎನಿಸುತ್ತದೆ, ಆದರೆ ಅಪಾಯಕಾರಿ. ಅರೆಪ್ರಜ್ಞೆಯಲ್ಲಿರುವವರಿಗೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ತುರ್ತು ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಉಸಿರುಗಟ್ಟಬಹುದು. ಬಾಯಾರಿಕೆ ಎಂದರೆ ತುಟಿಗೆ ಒದ್ದೆ ಬಟ್ಟೆ ತಾಗಿಸಿ, ಸಾಕು.

ಹಾಗಾದರೆ ನಾವು ಏನು ಮಾಡಬೇಕು?

• ಮೊದಲು 108 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ಪಕ್ಕದವರಿಂದ ಮಾಡಿಸಿ.

• ಶುಭ್ರವಾದ ಟವೆಲ್, ದುಪಟ್ಟ, ಪಂಚೆ ಯಾವುದಾದರೂ ಸರಿ, ರಕ್ತ ಬರುವ ಜಾಗದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಒದ್ದೆಯಾದರೆ ಮೇಲೊಂದು ಬಟ್ಟೆ ಇಟ್ಟು ಇನ್ನಷ್ಟು ಒತ್ತಿ.

• ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದರ ಮೇಲೆ ಒತ್ತಲೂಬೇಡಿ. ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಅಲುಗಾಡದಂತೆ ಹಿಡಿಯಿರಿ.

• ಕೈ ಅಥವಾ ಕಾಲಿನ ರಕ್ತ ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆ ಬಿಗಿದು ಕಟ್ಟಿ. ಕಟ್ಟಿದ ಸಮಯ ಬರೆದಿಟ್ಟು ವೈದ್ಯರಿಗೆ ಹೇಳಿ. ಹಾವು ಕಚ್ಚಿದಾಗ ಮಾತ್ರ ಹೀಗೆ ಕಟ್ಟಲೇಬಾರದು.

• ಮೈಮೇಲೆ ಹೊದಿಕೆ ಹಾಕಿ ಬೆಚ್ಚಗಿಡಿ. ಜೊತೆಗಿದ್ದು ಮಾತಾಡಿಸುತ್ತಿರಿ.

"ಮುಟ್ಟಿದರೆ ಪೊಲೀಸ್ ಕೇಸು" ಎಂಬುದು ನಿಜವೇ?

ಇಲ್ಲ. ಇದು ಬಹುಶಃ ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ಪ್ರಕಾರ, ಅಪಘಾತದ ಗಾಯಾಳುವಿಗೆ ಒಳ್ಳೆಯ ಉದ್ದೇಶದಿಂದ ನೆರವಾದವರ ಮೇಲೆ ಆ ಕಾರಣಕ್ಕೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ.

ಇಟಲಿಯಲ್ಲಿ 1859ರ ಸಾಲ್ಫೆರಿನೊ ಯುದ್ಧದ ನಂತರ ಸಾವಿರಾರು ಗಾಯಾಳುಗಳು ದಿಕ್ಕಿಲ್ಲದೆ ಬಿದ್ದಿದ್ದರು. ಅವರಿಗೆ ಬಟ್ಟೆ ಕಟ್ಟಿ ಉಪಚರಿಸಲು ಮುಂದೆ ಬಂದದ್ದು ಪಕ್ಕದ ಊರಿನ ಸಾಮಾನ್ಯ ಹೆಂಗಸರು ಮತ್ತು ವ್ಯಾಪಾರಕ್ಕೆಂದು ಬಂದಿದ್ದ ಹೆನ್ರಿ ಡ್ಯುನಾಂಟ್. ಆ ಅನುಭವದಿಂದಲೇ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು. ಅವರಲ್ಲಿ ಯಾರ ಹತ್ತಿರವೂ ಮಾಯದ ಎಲೆ ಇರಲಿಲ್ಲ.

ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ. ಇವೆರಡರ ನಡುವೆ ಗಾಯ ಕಟ್ಟುವವರ ಹಂತ ಇರುವುದಿಲ್ಲ. ರಸ್ತೆಯಲ್ಲಿ ಬಿದ್ದವರ ಪಾಲಿಗೆ ಆ ನಡುವಿನ ಹಂತ ನಾವೇ. ಕಾಫಿಪುಡಿಯ ಫಾರ್ವರ್ಡ್ ಮತ್ತೆ ಬಂದರೆ ಅಲ್ಲೇ ತಡೆದು, ಅದರ ಬದಲು ಮೇಲಿನ ಐದು ಅಂಶಗಳನ್ನು ನಿಮ್ಮ ಮನೆಯವರ ಗ್ರೂಪಿಗೆ ಕಳಿಸಿ.